ಹವಳದ ದಿಬ್ಬ: ಮಿಠಾಪುರದಲ್ಲಿ ಮೂವರ ಸಹಯೋಗ

ನಮ್ಮ ಬೆಳಗಾವಿಯ ಅನಗೋಳದಿಂದ ಕಡಲು ಘಟ್ಟದಾಚೆಗಿದೆ. ಆದರೆ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ನದಿ ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ; ಹಾಗಾಗಿ ಕಡಲೂ ಅದರ ಹವಳದ ವಿಷಯವೂ ನಮಗೆ ಹೊರಗಿನದಲ್ಲ. ಪರೀಕ್ಷೆಯಲ್ಲಿ ಕರ್ನಾಟಕದ ಹವಳದ ತಾಣ ಕೇಳಿದರೆ ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ ಎಂದು ಬರೆಯಿರಿ.

ವಿಜ್ಞಾನ, ಉದ್ಯಮ, ಸರ್ಕಾರ ಕೈಜೋಡಿಸಿದ ಉದಾಹರಣೆಗೆ ಗುಜರಾತಿನ ಮಿಠಾಪುರವೇ ಸರಿ. 2008ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಟಾಟಾ ಕೆಮಿಕಲ್ಸ್ ಮತ್ತು ರಾಜ್ಯ ಅರಣ್ಯ ಇಲಾಖೆ ಸೇರಿ ಅಲ್ಲಿ ಹವಳ ಪುನಶ್ಚೇತನ ಯೋಜನೆ ಆರಂಭಿಸಿದವು. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ಹೀಗಾಗಿ ಸರ್ಕಾರವನ್ನು ಬಿಟ್ಟು ಈ ಕೆಲಸ ಸಾಗದು.

2020ರ ಜನವರಿಯಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯ, ಅರಣ್ಯ ಇಲಾಖೆಯ ನೆರವಿನಿಂದ, ಮಿಠಾಪುರದ ಕಡಲಲ್ಲೇ ‘ಬಯೋರಾಕ್’ ವಿಧಾನ ಪ್ರಯೋಗಿಸಿತು. ನೀರಿಗಿಳಿಸಿದ ಉಕ್ಕಿನ ಚೌಕಟ್ಟಿಗೆ ಕಡಿಮೆ ವೋಲ್ಟೇಜಿನ ವಿದ್ಯುತ್ ಹರಿಸುತ್ತಾರೆ. ಸಮುದ್ರದ ನೀರಿನಲ್ಲಿ ಕರಗಿರುವ ಖನಿಜ ಸುಣ್ಣದ ಪದರವಾಗಿ ಅದರ ಮೇಲೆ ಕೂರುತ್ತದೆ. ಅಲ್ಲಿ ಕಟ್ಟಿದ ಹವಳದ ತುಣುಕುಗಳಿಗೆ ಬೇರೂರಲು ನೆಲೆ ಸಿಗುತ್ತದೆ. ಇದು ಬರೀ ಕಂಠಪಾಠದ ವಿಷಯವಲ್ಲ, ಅರ್ಥಮಾಡಿಕೊಂಡರೆ ಮರೆಯುವುದಿಲ್ಲ.

ಗೊಂದಲವಾಗುವುದು ಒಂದೇ ಕಡೆ: ಮಿಠಾಪುರ ಕಚ್ ಕೊಲ್ಲಿಯದು, ಮನ್ನಾರ್ ಕೊಲ್ಲಿ ತಮಿಳುನಾಡಿನ ಕಡೆಯದು.