ಗೊತ್ತಿದ್ದದ್ದು ಮೊದಲು, ಸುದ್ದಿ ಆಮೇಲೆ

ನೋಡಪ್ಪಾ, ನೀನು ಬರೆದಿಟ್ಟ ಇಂಗ್ಲಿಷ್ ಮೇಲ್ ಓದಿದೆ. ಬೇರಿಂಗ್ ಸವೆದದ್ದು, ಎಣ್ಣೆ ಸೋರಿದ್ದು, ಬಿಡಿಭಾಗ ಹೊತ್ತಿಗೆ ಬಾರದ್ದು, ಎಲ್ಲವನ್ನೂ ವಾಕ್ಯದ ತಲೆಯ ಮೇಲೆ ಹೇರಿ, ಕೊನೆಗೆ ಲೈನ್ ನಿಂತಿತು ಅಂದಿದ್ದೀಯ. ವ್ಯಾಕರಣ ತಪ್ಪಿಲ್ಲ. ಆದರೆ ಓದುವವರು ಅಷ್ಟು ಹೊರೆ ಹೊತ್ತು ಕ್ರಿಯಾಪದಕ್ಕೆ ಕಾಯಬೇಕು. 'ಸವೆದು, ಸೋರಿ, ನಿಂತಿತು' ಎಂದು ಕಟ್ಟಿಕೊಂಡು ಹೋಗುವ ನಮಗೆ ಅದು ಭಾರ ಅನಿಸುವುದಿಲ್ಲ. ಇಂಗ್ಲಿಷಿನಲ್ಲಿ ಉದ್ದದ್ದು, ತೂಕದ್ದು ಹಿಂದಕ್ಕೆ ಸರಿದರೇ ಹಗುರ.

ಗೊತ್ತಿದ್ದದ್ದನ್ನು ಮೊದಲಿಟ್ಟು ಸುದ್ದಿಯನ್ನು ಆಮೇಲೆ ಹೇಳುವ ಜಾಣತನವೂ ನಿನಗೆ ಹೊಸದೇನಲ್ಲ. ಕೀಲಿ ಯಾರು ಕೊಟ್ಟರು ಅಂತ ಕೇಳಿದರೆ 'ಕೀಲಿ ಸೆಕ್ಯುರಿಟಿಯವರು ಕೊಟ್ಟರು' ಅನ್ನುತ್ತೀಯ. ಅವರು ಏನು ಕೊಟ್ಟರು ಅಂದರೆ 'ಸೆಕ್ಯುರಿಟಿಯವರು ಕೀಲಿ ಕೊಟ್ಟರು'. ಕೇಳಿದವರಿಗೆ ಗೊತ್ತಿದ್ದದ್ದು ಮುಂದೆ, ಬೇಕಾದದ್ದು ಕ್ರಿಯಾಪದದ ಪಕ್ಕ. ವಿಭಕ್ತಿಯ ಬಲ ಇರುವುದರಿಂದ ನಮ್ಮಲ್ಲಿ ಪದ ಅತ್ತಿತ್ತ ಓಡಾಡಬಹುದು. ಇಂಗ್ಲಿಷಿನಲ್ಲಿ ಯಾರು ಮಾಡಿದರು, ಯಾರಿಗೆ ಆಯಿತು ಅನ್ನುವುದನ್ನು ಹೇಳುವುದೇ ಪದ ನಿಂತ ಜಾಗ. ಕೀಲಿಯನ್ನು ಮುಂದೆ ತರಬೇಕಾದರೆ 'ದ ಕೀ ವಾಸ್ ಗಿವನ್ ಬೈ ಸೆಕ್ಯುರಿಟಿ' ಅನ್ನಬೇಕು. ಶಾಲೆಯಲ್ಲಿ ನಾವು ಕರ್ಮಣಿಯನ್ನು ಬರೀ ಪರೀಕ್ಷೆಗೆ ತಿರುಗಿಸುತ್ತಿದ್ದೆವು. ಅದು ಯಾಕಿದೆ ಅಂತ ಯಾರೂ ಹೇಳಲಿಲ್ಲ, ಆ ಸಂಕಟ ನನಗೆ ಇವತ್ತಿಗೂ ಇದೆ. 1926ರಲ್ಲಿ ಪ್ರಾಗ್ ಭಾಷಾ ವೃತ್ತ ಕಟ್ಟಿದ ಭಾಷಾವಿಜ್ಞಾನಿ ವಿಲೆಮ್ ಮಾಥೇಸಿಯುಸ್ ಇಂಗ್ಲಿಷ್ ಕರ್ಮಣಿಯ ಈ ಉಪಯೋಗವನ್ನೇ ಗಮನಿಸಿದ್ದರು. ಅವರ ಚೆಕ್ ಭಾಷೆಗೂ ನಮ್ಮಂತೆ ವಿಭಕ್ತಿಗಳುಂಟು. ಇಂಗ್ಲಿಷಿನ ಎದುರು ಅದನ್ನಿಟ್ಟು ನೋಡಿದವರ ಕಣ್ಣಿಗೆ ಇದು ಬಿದ್ದದ್ದು ಸಹಜ.

ಆತುರದ ಮಾತಿನಲ್ಲಿ ಮಾತ್ರ ನಮ್ಮಲ್ಲಿ ಈ ಕ್ರಮ ತಿರುಗುವುದೂ ಉಂಟು. ಚಂದಾಪುರ ಸರ್ಕಲ್ಲಿನಲ್ಲಿ ಸಂಜೆ ನಿಂತು ಕೇಳಿಸಿಕೋ. 'ಬಂತು ನೋಡು ಅತ್ತಿಬೆಲೆ ಬಸ್ಸು' ಅನ್ನುತ್ತಾರೆ. ಕಾದು ನಿಂತವರಿಗೆ ಬಸ್ಸು ಗೊತ್ತಿದ್ದದ್ದೇ, ಬಂದದ್ದೇ ಸುದ್ದಿ. ಅದಕ್ಕೇ 'ಬಂತು' ಮೊದಲು ಬಾಯಿಗೆ ಬರುತ್ತದೆ. ಇಂಗ್ಲಿಷಿನ 'ಹಿಯರ್ ಕಮ್ಸ್ ದ ಬಸ್' ಮೊದಲು ಕಣ್ಣನ್ನು ರಸ್ತೆಗೆ ತಿರುಗಿಸಿ, ಬಸ್ಸನ್ನು ಆಮೇಲೆ ತೋರಿಸುತ್ತದೆ. ಅದೇ ಬಸ್ಸಿನ ಮಾತು ಆಗಲೇ ನಡೆದಿದ್ದರೆ 'ಹಿಯರ್ ಇಟ್ ಕಮ್ಸ್'. ಹಳೆಯದಾದ 'ಇಟ್' ಕೊನೆಯ ಜಾಗ ಬಿಟ್ಟುಕೊಟ್ಟು ಒಳಗೆ ಸರಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಬೆರಗೇ.

ಲೈನ್ ನಿಂತದ್ದು ನಿನ್ನ ಮ್ಯಾನೇಜರಿಗೆ ಫೋನಿನಲ್ಲೇ ತಿಳಿದಿದೆ. ಹಾಗಾಗಿ 'ದ ಲೈನ್ ಸ್ಟಾಪ್ಡ್ ಬಿಕಾಸ್' ಅಂತ ಶುರು ಮಾಡಿ ಕಾರಣಗಳನ್ನು ಅದರ ಬೆನ್ನಿಗಿಡು. ಎಲ್ಲಕ್ಕಿಂತ ಉದ್ದವಾದ ಬಿಡಿಭಾಗದ ಕಥೆ ಕೊನೆಯಲ್ಲಿರಲಿ. ಕಳಿಸುವ ಮುಂಚೆ ಇನ್ನೊಮ್ಮೆ ತೋರಿಸು, ರಾತ್ರಿ ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.