ಹಳೆಯ ಗಾಳಿ ಬಂದೂಕಿಗೆ ಎಣ್ಣೆ

ನಾಲವಾರದ ಸುತ್ತಿನ ರೈತರ ಮನೆಯಲ್ಲಿ ಹಳೆಯ ಸ್ಪ್ರಿಂಗಿನ ಗಾಳಿ ಬಂದೂಕಿದ್ದರೆ, ಅದರ ಜೀವ ಚರ್ಮದ ವಾಷರಿನಲ್ಲಿದೆಯೆಂದು ತಿಳಿಯಿರಿ. ಚರ್ಮ ಒಣಗಿದರೆ ಗಾಳಿ ಸೋರಿ ಹೊಡೆತ ಕುಗ್ಗುತ್ತದೆ. ಛರ್ರೆ ತುಂಬದೆ, ಸ್ಪ್ರಿಂಗು ಎಳೆಯದೆ, ಸಿಲಿಂಡರಿನ ಗಾಳಿರಂಧ್ರಕ್ಕೆ ಸಿಲಿಕೋನ್ ಎಣ್ಣೆ ಎರಡೇ ಹನಿ ಬಿಟ್ಟು, ನಳಿಗೆ ಮೇಲಾಗಿ ಒಂದು ರಾತ್ರಿ ನಿಲ್ಲಿಸಿರಿ. ಹೊಲಿಗೆ ಯಂತ್ರದ ಎಣ್ಣೆ ಅಲ್ಲಿ ಸಲ್ಲದು. ಒತ್ತಿದ ಗಾಳಿ ಕಾದು ಎಣ್ಣೆ ಹೊತ್ತಿಕೊಂಡು ಸಿಡಿಯುತ್ತದೆ, ಸ್ಪ್ರಿಂಗೂ ಮುರಿದೀತು. ಅದು ನಳಿಗೆಯ ಕೀಲಿಗೆ ಸಾಕು.

ಛರ್ರೆಯಿಲ್ಲದೆ ಹೊಡೆಯಬೇಡಿರಿ, ಗಾಳಿಯ ತಡೆಯಿಲ್ಲದೆ ಪಿಸ್ಟನ್ನು ಗೋಡೆಗೆ ಬಡಿಯುತ್ತದೆ. ಬಿಚ್ಚುವ ಕೆಲಸ ತಿಳಿದವರಿಗೆ ಬಿಡಿ. ಬಿಗಿದ ಸ್ಪ್ರಿಂಗು ಚಿಮ್ಮಿದರೆ ಕಣ್ಣೇ ಹೋದೀತು.

ಜೋಳ ಹಾಲುಗಾಳಾದಾಗ ಗಿಳಿ ಬಂದರೆ ಡಬ್ಬಿ ಬಡಿಯಿರಿ. ಗಿಳಿ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.