ಸ್ಟೇಟಸ್ ಯಾರಿಗಾಗಿ?

ವಾಟ್ಸಾಪ್ ಸ್ಟೇಟಸ್‌ಗೆ ಗೋಕರ್ಣದ ಫೋಟೊ ಹಾಕುವಾಗ ನಿಮ್ಮ ಮನಸ್ಸಿನಲ್ಲಿರುವುದು ಗೆಳೆಯರು. ಆದರೆ ಅದೇ ನಂಬರು ಮ್ಯಾನೇಜರ್ ಬಳಿಯೂ ಇದೆ, ಜ್ವರವೆಂದು ರಜೆ ಕೇಳಿದ ಮೆಸೇಜಿನ ಸಮೇತ. ರಜೆಯ ಸುಳ್ಳು ಬಿಡಿ, ಅದು ಮೊಬೈಲಿಗಿಂತ ಹಳೆಯದು. ಒಬ್ಬರಿಗೆಂದು ಆಡಿದ ಮಾತು ಇನ್ನೊಬ್ಬರ ಕಿವಿಗೆ ಬೀಳುವುದೇ ಇಲ್ಲಿನ ನಿಜವಾದ ಫಜೀತಿ. 2013ರ ಡಿಸೆಂಬರಿನಲ್ಲಿ ಕಂಪನಿಯೊಂದರ ಸಂಪರ್ಕಾಧಿಕಾರಿಯೊಬ್ಬರು ಲಂಡನ್ನಿನಲ್ಲಿ ಕೇಪ್‌ಟೌನ್ ವಿಮಾನ ಹತ್ತುವ ಮುನ್ನ ಏಡ್ಸ್ ಬಗ್ಗೆ ಕೆಟ್ಟ ಜೋಕೊಂದನ್ನು ಟ್ವೀಟ್ ಮಾಡಿದರು. ಫಾಲೋವರ್‌ಗಳು ಸುಮಾರು 170 ಮಂದಿ, ಅಷ್ಟೇ. ವಿಮಾನ ಇಳಿಯುವಷ್ಟರಲ್ಲಿ ಅದು ಜಗತ್ತಿನೆಲ್ಲೆಡೆ ಟ್ರೆಂಡಿಂಗ್, ಕೆಲಸವೂ ಹೋಯಿತು. ‘ನನ್ನದನ್ನು ಯಾರು ನೋಡ್ತಾರೆ’ ಎನ್ನುವವರು ಆ 170ನ್ನು ನೆನಪಿಡಲಿ.

ಖಾಸಗಿತನ ನನ್ನ ಹಕ್ಕಲ್ಲವೇ? ಖಂಡಿತ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು 2017ರಲ್ಲಿ ಅದನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಸ್ಕ್ರೀನ್‌ಶಾಟ್ ತೆಗೆಯುವ ಬೆರಳು ತೀರ್ಪು ಓದಿರುವುದಿಲ್ಲ. ಆದ್ದರಿಂದ ಲಿಂಕ್ಡ್‌ಇನ್ ಉದ್ಯೋಗಕ್ಕಿರಲಿ, ಇನ್‌ಸ್ಟಾಗ್ರಾಂ ಪ್ರೈವೇಟ್ ಆಗಿರಲಿ. ಎರಡಕ್ಕೂ ಒಂದೇ ಫೋಟೊ ಬೇಡ, ಫೋಟೊ ಹಿಡಿದು ಹುಡುಕುವುದು ಈಗ ಸುಲಭ. ಸ್ಟೇಟಸ್ ಯಾರಿಗೆ ಕಾಣಬಾರದೆಂದು ಆರಿಸುವ ಸೌಲಭ್ಯ ವಾಟ್ಸಾಪ್‌ನಲ್ಲೇ ಇದೆ. ಇದೆಲ್ಲ ಮುಖವಾಡ ಎಂದು ಕೆಲವರು ಮೂಗು ಮುರಿಯುತ್ತಾರೆ. ಅಜ್ಜಿಯ ಎದುರೂ ಆಫೀಸಿನಲ್ಲೂ ಒಂದೇ ಧಾಟಿಯಲ್ಲಿ ಮಾತಾಡುವವರು ಯಾರಿದ್ದಾರೆ? ಹಾಗೆಂದು ಏನೂ ಬರೆಯದೆ ಕೂತರೂ ಕಷ್ಟ: ಆಗ ಬೇರೆಯವರು ಟ್ಯಾಗ್ ಮಾಡಿದ್ದೇ ನಿಮ್ಮ ಪರಿಚಯವಾಗುತ್ತದೆ. ಇವತ್ತೇ ಎಲ್ಲ ಖಾತೆಗಳಿಂದ ಲಾಗೌಟ್ ಆಗಿ, ನಿಮ್ಮ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ನೋಡಿ.